ಮುಂದಿನ ಮನೆಯ ಕಿಟಕಿಗೆ

ನಮ್ಮ ಮನೆಯ ಅಟ್ಟದ ಮೇಲೊಂದು ಗಂಟಿದೆ. ಹಳೇ ದುಪ್ಪಟಿಯಲ್ಲಿ ಕಟ್ಟಿಟ್ಟ ಆ ಗಂಟಿನೊಳಗೆ ಮೂರು ಬಾಡಿಗೆ ಮನೆಗಳ ಪರದೆಗಳಿವೆ. ಮೊದಲ ಮನೆಯವು ಅಳತೆ ಕೊಟ್ಟು ಹೊಲಿಸಿದಂಥವು, ನಾಲ್ಕಡಿ ಎತ್ತರ. ಎರಡನೇ ಮನೆಯ ಕಿಟಕಿ ಐದಡಿಯದು. ಅಲ್ಲಿ ಅವನ್ನು ತೂಗುಬಿಟ್ಟಾಗ ಒಂದೇ ವರ್ಷದಲ್ಲಿ ಉದ್ದವಾಗಿಬಿಟ್ಟ ಹುಡುಗನ ಯೂನಿಫಾರ್ಮ್ ಪ್ಯಾಂಟಿನಂತೆ ಕಂಡವು. ಮತ್ತೆ ಹೊಸದು ಕೊಂಡೆವು. ಮೂರನೇ ಮನೆಗೆ ಉಮೇದಿನಲ್ಲಿ ರೋಲರ್ ಬ್ಲೈಂಡ್ ಹಾಕಿಸಿದೆವು. ನಾಲ್ಕನೇ ಮನೆಯ ಕಿಟಕಿ ಅದಕ್ಕಿಂತ ಎರಡಿಂಚು ಕಿರಿದು. ಬ್ಲೈಂಡಿನ ಕೊಳವೆ ಗೋಡೆಗೆ ತಾಗಿ ಒಳಗೆ ಕೂರಲೇ ಇಲ್ಲ. ಎರಡಿಂಚಿಗೆ ಬಟ್ಟೆಯಾದರೆ ಹೊಂದಿಕೊಳ್ಳುತ್ತದೆ, ಬ್ಲೈಂಡ್ ಹೊಂದಿಕೊಳ್ಳುವ ಜಾತಿಯಲ್ಲ.

ಇಷ್ಟು ದುಡ್ಡು ಕಳೆದ ಮೇಲೆ ತಲೆಗೆ ಹೊಳೆದದ್ದು ಇದು: ಬಾಡಿಗೆ ಮನೆಯವರು ಪರದೆ ಕೊಳ್ಳಬೇಕಾದ್ದು ಈಗಿರುವ ಕಿಟಕಿಗಲ್ಲ, ಇನ್ನೂ ಕಣ್ಣಿಗೆ ಬೀಳದ ಮುಂದಿನ ಮನೆಯ ಕಿಟಕಿಗೆ.

ಬೆಂಗಳೂರಿನಲ್ಲಿ ಕರಾರು ಪತ್ರ ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ; ಆ ಖರ್ಚು, ಓಡಾಟ ತಪ್ಪಿಸಿಕೊಳ್ಳಲು ಹುಟ್ಟಿದ ಲೆಕ್ಕ ಈ ಹನ್ನೊಂದು. ಹನ್ನೊಂದು ಮುಗಿದ ಮೇಲೆ ಮುಂದುವರಿಯಬಹುದು, ಇಲ್ಲವೇ ಓನರ್ ಮಗ ಅಮೆರಿಕದಿಂದ ವಾಪಸ್ ಬರಬಹುದು. ಕಿಟಕಿಗಳಿಗಂತೂ ಒಂದು ಅಳತೆಯೆಂಬುದಿಲ್ಲ. 30×40 ಸೈಟಿನಲ್ಲಿ ದುಡ್ಡು ಕೂಡಿದ ಹಾಗೆಲ್ಲ ಒಂದೊಂದು ಮಹಡಿ ಎದ್ದ ಮನೆಗಳಲ್ಲಿ ಕೆಳಗಿನ ಕಿಟಕಿ ಒಂದು ಥರ, ಮೇಲಿನದು ಇನ್ನೊಂದು ಥರ. ಇಂಥ ಊರಿನಲ್ಲಿ ಇಂಚು ಲೆಕ್ಕದಲ್ಲಿ ಅಳೆದು ಮಾಡಿಸಿದ್ದೆಲ್ಲ ಆ ಗೋಡೆಗೇ ದಾನ.

ಇನ್ನು ಗೋಡೆಯ ವಿಷಯ. ಕೀಲಿಕೈ ಕೊಡುವಾಗ ಓನರ್ ಬಾಯಿಂದ ಬರುವ ಎರಡನೇ ವಾಕ್ಯ ‘ಗೋಡೆಗೆ ಮೊಳೆ ಹೊಡೀಬೇಡಿ’. ಮೊದಲನೆಯದು ನೀರಿನ ಬಗ್ಗೆ. ಒಂದು ಮನೆ ಬಿಡುವ ದಿನ ಓನರ್ ಕೋಣೆ ಕೋಣೆ ಸುತ್ತಿ ಹದಿನಾಲ್ಕು ತೂತು ಎಣಿಸಿದರು. ಅದರಲ್ಲಿ ಎಂಟು ನಮಗಿಂತ ಮುಂಚೆ ಇದ್ದವರದು ಎನ್ನಲು ನಮ್ಮ ಹತ್ತಿರ ಸಾಕ್ಷಿಯಿರಲಿಲ್ಲ. ಅಂದಿನಿಂದ ಹೊಸ ಮನೆಗೆ ಹಾಲುಕ್ಕಿಸುವ ಮೊದಲೇ ಎಲ್ಲ ಕಿಟಕಿಯ ಮೇಲ್ಭಾಗದ ಫೋಟೊ ತೆಗೆದಿಡುತ್ತೇನೆ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಹೇಗೂ ನಮ್ಮಲ್ಲಿ ರೂಢಿ. ಆ ದುಡ್ಡಿನಲ್ಲೇ ಈ ತೂತುಗಳೂ ಮುಚ್ಚಿಹೋಗುತ್ತವಲ್ಲ ಎಂದು ಕರಾರಿಗೆ ಸಹಿ ಹಾಕುವ ಮುಂಚೆ ಕೇಳಿ ನೋಡಿ. ಆಗ ಕೇಳಿದರೆ ಅದು ಮಾತುಕತೆ, ಆಮೇಲೆ ಕೇಳಿದರೆ ಜಗಳ.

ನೀವೇ ಹಾಕಿಸಿದ ರಾಡು ಯಾರದು ಎಂಬ ಪ್ರಶ್ನೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಉತ್ತರ ಇಟ್ಟುಕೊಂಡಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ತಾನು ಜೋಡಿಸಿದ್ದನ್ನು ತಾನೇ ಬಿಚ್ಚಿಕೊಂಡು ಹೋಗಬಹುದು. ಷರತ್ತು ಎರಡು: ಮನೆ ಇನ್ನೂ ತನ್ನ ವಶದಲ್ಲಿರುವಾಗಲೇ ಬಿಚ್ಚಬೇಕು, ಮತ್ತು ಜಾಗವನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಎಂದರೆ ಕೀಲಿಕೈ ಕೊಟ್ಟು ಬಂದ ಮಾರನೇ ದಿನ ‘ರಾಡ್ ಮರೆತೆ’ ಎಂದು ಹೋಗುವ ಹಾಗಿಲ್ಲ. ಐವತ್ತು ರೂಪಾಯಿಯ ಗೋಡೆ ಪುಟ್ಟಿ, ಒಂದು ತುಂಡು ಮರಳು ಕಾಗದ ಇದ್ದರೆ ಎರಡನೇ ಷರತ್ತೂ ತೀರಿತು.

ಕಿಟಕಿ ಮೇಲೆ ತೂತು ಕೊರೆಸುವುದು ಎಷ್ಟು ಕಷ್ಟದ ಕೆಲಸ ಎಂಬುದು ಕೊರೆಸಿದವರಿಗೇ ಗೊತ್ತು. ಕಿಟಕಿಯ ನೆತ್ತಿಯ ಮೇಲೆ ಹಾದುಹೋಗುವುದು ಲಿಂಟಲ್, ಕಬ್ಬಿಣದ ಸರಳು ಹಾಕಿ ಎರೆದ ಕಾಂಕ್ರೀಟಿನ ತೊಲೆ. ಗೋಡೆಯ ಇಟ್ಟಿಗೆಗೆ ಬೆಣ್ಣೆಯಂತೆ ಇಳಿಯುವ ಡ್ರಿಲ್ಲಿನ ಮೊನೆ ಅಲ್ಲಿ ಅರ್ಧ ಇಂಚಿನ ಗಾರೆ ದಾಟಿದೊಡನೆ ಕಿರುಚಲು ತೊಡಗುತ್ತದೆ. ಸಾಮಾನ್ಯ ಡ್ರಿಲ್ ಅಲ್ಲಿ ಸಾಲದು, ಗುದ್ದುತ್ತಾ ಕೊರೆಯುವ ಹ್ಯಾಮರ್ ಡ್ರಿಲ್ ಬೇಕು. ಬಟ್ಟೆಗಿಂತ ರಾಡು, ರಾಡಿಗಿಂತ ಅದನ್ನು ಕೂರಿಸುವ ಕೂಲಿ ಹೆಚ್ಚಾಗುವುದು ಹೀಗೆ. ಎರಡು ಬೆಡ್‌ರೂಮಿನ ಮನೆಗೆ ಐದಾರು ಕಿಟಕಿ, ಒಂದು ಬಾಲ್ಕನಿ ಬಾಗಿಲು; ಇವುಗಳ ಬ್ರಾಕೆಟ್ ಹಾಕಿಸಿದ ಖರ್ಚು ಮುಂದಿನ ಮನೆಗೆ ಬರುವುದಿಲ್ಲ. ಬಟ್ಟೆ ಬರುತ್ತದೆ. ಹಾಗಾಗಿ ದುಡ್ಡು ಬಟ್ಟೆಯ ಮೇಲಿರಲಿ, ಗೋಡೆಯ ಮೇಲೆ ಬೇಡ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ಮರದ ಚೌಕಟ್ಟಿನ ಎರಡು ಬದಿಗೂ ಒಂದೊಂದು ಸ್ಕ್ರೂ ಹುಕ್ಕು ಕೈಯಲ್ಲೇ ತಿರುಗಿಸಿ, ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ತಂತಿ ಎಳೆದು ಸಿಕ್ಕಿಸಿದರೆ ಮುಗಿಯಿತು. ಪರದೆ ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ. ದಾರಿಹೋಕರ ಕಣ್ಣಿಗೆ ಮರೆ, ಮೇಲಿನಿಂದ ಬೆಳಕು, ಗಾಳಿ. ಇಂಥ ಅರ್ಧ ಪರದೆ ಈಗ ಹಳೇ ಕಾಲದ್ದೆಂದು ಮೂಲೆಗೆ ಸರಿದಿದೆ, ನನಗೇನೋ ಅದರಷ್ಟು ಜಾಣತನದ ಪರದೆ ಬೇರೆ ಕಾಣೆ. ಬಟ್ಟೆ ಅರ್ಧ, ಕೆಲಸ ಪೂರ್ತಿ. ಗಾಂಧಿ ಬಜಾರಿನ ಹಿಂದಿನ ರಸ್ತೆಗಳಲ್ಲೋ ಮಲ್ಲೇಶ್ವರದಲ್ಲೋ ಹಳೇ ಮನೆ ಬಾಡಿಗೆಗೆ ಸಿಕ್ಕಿ, ಮರದ ಚೌಕಟ್ಟಿದ್ದರೆ ಬೇರೇನೂ ಯೋಚಿಸಬೇಡಿ. ತಂತಿಯನ್ನು ಮಾತ್ರ ಕಿಟಕಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ ಕತ್ತರಿಸಿ, ಇಲ್ಲದಿದ್ದರೆ ವಾರದೊಳಗೆ ನಡು ಜೋಲುತ್ತದೆ.

ಹೊಸ ಮನೆಗಳಲ್ಲಿ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಜಾರುಗಿಟಕಿ. ಹುಕ್ಕು ಇಳಿಯುವುದಿಲ್ಲ. ಅಲ್ಲಿಗೆ ಟೆನ್ಷನ್ ರಾಡ್ ಬಂದಿದೆ. ಒಂದರೊಳಗೊಂದು ಕೂರುವ ಎರಡು ಕೊಳವೆ, ಒಳಗೆ ಸ್ಪ್ರಿಂಗ್, ಎರಡು ತುದಿಗೂ ರಬ್ಬರ್ ಪಾದ. ಜಾಗಕ್ಕಿಂತ ಒಂದೆರಡು ಇಂಚು ಉದ್ದ ಇಟ್ಟುಕೊಂಡು, ಒತ್ತಿ ಹಿಡಿದು ಕಿಟಕಿಯ ಗೂಡಿನೊಳಗೆ ಬಿಟ್ಟರೆ ಎರಡು ಗೋಡೆಗಳನ್ನು ತಳ್ಳಿಕೊಂಡು ನಿಲ್ಲುತ್ತದೆ. ಸುಮಾರು ಮುನ್ನೂರು ನಾನೂರು ರೂಪಾಯಿಗೆ ಸಿಗುತ್ತದೆ, ತೂತಿಲ್ಲ, ಉದ್ದ ಹೆಚ್ಚು ಕಡಿಮೆ ಮಾಡಬಹುದಾದ್ದರಿಂದ ಮುಂದಿನ ಮನೆಗೂ ಆಗುತ್ತದೆ. ಆದರೆ ಬಿದ್ದುಹೋಯಿತು ಎಂದು ಬೈಯುವವರೂ ಬಹಳ. ತಪ್ಪು ಹೆಚ್ಚಾಗಿ ರಾಡಿನದಲ್ಲ, ಸುಣ್ಣದ್ದು. ಬಾಡಿಗೆ ಮನೆಗೆ ಓನರ್ ಹೊಡೆಸುವುದು ಅಗ್ಗದ ಡಿಸ್ಟೆಂಪರ್. ಬೆರಳಾಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ಆ ಪುಡಿಯ ಮೇಲೆ ರಬ್ಬರ್ ಜಾರದೆ ಏನು ಮಾಡೀತು? ಪಾದ ಕೂರುವ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ಕೂರಿಸಿ. ಅಂಟು ಹುಕ್ಕುಗಳ ಪಾಡೂ ಇದೇ: ಅಡುಗೆಮನೆಯ ಟೈಲ್ಸು, ಗಾಜು, ಪಾಲಿಶ್ ಮಾಡಿದ ಮರದ ಮೇಲೆ ಭದ್ರ, ಡಿಸ್ಟೆಂಪರ್ ಮೇಲೆ ರಾತ್ರಿ ಹೊತ್ತು ಧೊಪ್ಪೆಂದು ಬಿದ್ದು ಮನೆಯವರನ್ನೆಲ್ಲ ಎಬ್ಬಿಸುತ್ತವೆ.

ಇನ್ನೊಂದು ಕಾರಣ ಭಾರ. ನಾಲ್ಕಡಿ ಅಗಲ, ಐದಡಿ ಎತ್ತರದ ತೆಳು ಕಾಟನ್ ಪರದೆ ಚದರ ಮೀಟರಿಗೆ 150 ಗ್ರಾಂ ಬಟ್ಟೆಯದಾದರೆ ತೂಗುವುದು 280 ಗ್ರಾಂ, ಒಂದು ಬ್ರೆಡ್ ಪೌಂಡಿಗಿಂತ ಕಡಿಮೆ. ಅದೇ ಏಳಡಿ ಎತ್ತರದ 300 ಗ್ರಾಮಿನ ಬ್ಲ್ಯಾಕ್‌ಔಟ್ ಬಟ್ಟೆಯಾದರೆ ಒಂದಕ್ಕೆ ಮುಕ್ಕಾಲು ಕೆಜಿ ದಾಟಿತು, ಜೊತೆ ಸೇರಿ ಒಂದೂವರೆ. ನಾಲ್ಕಡಿಯೊಳಗಿನ ಕಿಟಕಿಗೆ, ತೆಳು ಬಟ್ಟೆಗೆ ಟೆನ್ಷನ್ ರಾಡ್ ಲಾಯಕ್ಕು. ಆರಡಿ ಅಗಲಕ್ಕೆ ದಪ್ಪ ಬಟ್ಟೆ ತೂಗುಹಾಕಿ ಅದರಿಂದ ನಿಷ್ಠೆ ಬಯಸಬಾರದು. ಗೋಡೆಯ ದಪ್ಪವನ್ನೂ ನೋಡಿಕೊಳ್ಳಿ. ಒಂಬತ್ತಿಂಚಿನ ಹಳೇ ಇಟ್ಟಿಗೆ ಗೋಡೆಯಲ್ಲಿ ಒಳಗಡೆ ಕೈಯಗಲ ಗೂಡು ಉಳಿಯುತ್ತದೆ. ಆರಿಂಚಿನ ಬ್ಲಾಕ್ ಗೋಡೆಯಲ್ಲಿ ಕೆಲವು ಸಲ ರಾಡಿನ ಪಾದಕ್ಕೂ ಜಾಗವಿರುವುದಿಲ್ಲ.

ನಮ್ಮ ಕಿಟಕಿಗಳಿಗಿರುವ ಒಂದು ಸೌಕರ್ಯವನ್ನು ನಾವೇ ಮರೆಯುತ್ತೇವೆ: ಗ್ರಿಲ್. ಬಾಗಿಲುಗಳು ಹೊರಕ್ಕೆ ತೆರೆಯುವ ಕಿಟಕಿಯಲ್ಲಿ ಸರಳುಗಳು ಒಳಗಡೆ, ಕೈಗೆ ಸಿಗುವ ಹಾಗೆ ಇರುತ್ತವೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರು ಎಳೆಯಲು ಮಾರುವ ಪಿವಿಸಿ ಪೈಪು ಮೂರು ಮೀಟರಿನ ತುಂಡಾಗಿ ಬರುತ್ತದೆ. ಬೇಕಾದಷ್ಟು ಕತ್ತರಿಸಿ, ಎರಡು ತುದಿ ಮತ್ತು ನಡುವೆ ಒಂದು ಕಡೆ ಕೇಬಲ್ ಟೈ ಹಾಕಿ ಗ್ರಿಲ್ಲಿಗೆ ಬಿಗಿದರೆ ಅದೇ ರಾಡು. ನಡುವಿನ ಗಂಟು ಬಿಟ್ಟರೆ ಬಿಸಿಲಿಗೆ ಪೈಪು ಬಾಗುತ್ತದೆ. ನಡುವೆ ಗಂಟಿರುವುದರಿಂದ ಪರದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವುದಿಲ್ಲ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಸರಿಯೇ ತಾನೆ. ಆಯಸ್ಕಾಂತದ ರಾಡೂ ಬಂದಿದೆ. ಕೊಳ್ಳುವ ಮುಂಚೆ ಫ್ರಿಜ್ಜಿನ ಮೇಲಿನ ಆಯಸ್ಕಾಂತವನ್ನು ಗ್ರಿಲ್ಲಿಗೆ ಹಚ್ಚಿ ನೋಡಿ. ಕಬ್ಬಿಣಕ್ಕೆ ಹಿಡಿಯುತ್ತದೆ, ಅಲ್ಯೂಮಿನಿಯಂ ಚೌಕಟ್ಟಿಗೆ ಹಿಡಿಯುವುದಿಲ್ಲ.

ಈಗ ಬಟ್ಟೆಗೆ ಬರೋಣ, ನಿಜವಾದ ರುಚಿಯಿರುವುದು ಇಲ್ಲಿ.

ಅಂಗಡಿಯ ಸಿದ್ಧ ಪರದೆ ಮೂರು ಉದ್ದದಲ್ಲಿ ಬರುತ್ತದೆ: ಕಿಟಕಿಗೆ ಐದಡಿ, ಬಾಗಿಲಿಗೆ ಏಳಡಿ, ಎತ್ತರದ ಬಾಗಿಲಿಗೆ ಒಂಬತ್ತಡಿ. ಅಗಲ ಎಲ್ಲಕ್ಕೂ ಸುಮಾರು ನಾಲ್ಕಡಿ. ಪರದೆ ಬಿಗಿದ ಚಾದರದಂತೆ ಕಾಣದೆ ನೆರಿಗೆ ಬೀಳಬೇಕಾದರೆ ರಾಡಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು. ಐದಡಿ ರಾಡಿಗೆ ಎರಡು ಪರದೆ, ಎಂದರೆ ಎಂಟಡಿ ಬಟ್ಟೆ, ಒಪ್ಪುತ್ತದೆ. ಆರಡಿಗೆ ಮೂರು ಬೇಕು. ಉದ್ದದಲ್ಲಿ ಮಾತ್ರ ಜಿಪುಣತನ ಬೇಡ. ಐದಡಿ ಕಿಟಕಿಗೂ ಏಳಡಿಯದನ್ನೇ ಕೊಳ್ಳಿ ಎಂದರೆ ದುಂದು ಅನ್ನಿಸಬಹುದು. ನಮ್ಮ ಅಮ್ಮಂದಿರು ಹೆಣ್ಣುಮಕ್ಕಳ ಲಂಗ ಹೊಲಿಸುವಾಗ ಏನು ಮಾಡುತ್ತಿದ್ದರು? ಉದ್ದ ಹೊಲಿಸಿ, ಕೆಳಗೆ ಎರಡು ಮೂರು ಟಕ್ ಹಿಡಿಸುತ್ತಿದ್ದರು. ಮಗು ಬೆಳೆದ ಹಾಗೆ ವರ್ಷಕ್ಕೊಂದು ಬಿಚ್ಚುವುದು. ಪರದೆಗೂ ಅದೇ ಉಪಾಯ. ಹೆಚ್ಚಾದದ್ದನ್ನು ಕತ್ತರಿಸದೆ ಒಳಕ್ಕೆ ಮಡಿಚಿ ಕೈಹೊಲಿಗೆ ಹಾಕಿ. ಆ ಮಡಿಕೆಯ ಭಾರಕ್ಕೆ ಪರದೆ ನೇರವಾಗಿಯೂ ನಿಲ್ಲುತ್ತದೆ. ಮುಂದಿನ ಮನೆಯಲ್ಲಿ ಬಾಗಿಲಿನಷ್ಟು ಕಿಟಕಿ ಸಿಕ್ಕರೆ ದಾರ ಬಿಚ್ಚಿದರಾಯಿತು.

ಹೊಸದನ್ನೇ ಕೊಳ್ಳಬೇಕೆಂದೂ ಇಲ್ಲ. 90×108 ಇಂಚಿನ ಡಬಲ್ ಬೆಡ್‌ಶೀಟನ್ನು ಉದ್ದುದ್ದ ಎರಡು ಸೀಳು ಮಾಡಿದರೆ 45 ಇಂಚು ಅಗಲ, ಒಂಬತ್ತಡಿ ಉದ್ದದ ಎರಡು ಪರದೆ ಬಂದವು. ಚಿಕ್ಕಪೇಟೆಯಲ್ಲೋ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೋ ಒಳ್ಳೆಯ ಕಾಟನ್ ಶೀಟು ಸಿಗುವ ಬೆಲೆಗೆ ಅದೇ ಗುಣದ ಪರದೆ ಒಂದೂ ಸಿಗಲಿಕ್ಕಿಲ್ಲ. ಮೇಲ್ಗಡೆ ರಾಡು ತೂರುವಷ್ಟು ಕೊಳವೆ ಹೊಲಿಗೆ ಹಾಕಿಸಿ, ಬೀದಿ ಟೈಲರ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾನೆ. ಹೊಲಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಕಾಟನ್ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರು ನಾಲ್ಕರಷ್ಟು ಕುಗ್ಗುತ್ತದೆ. ಏಳಡಿಯಲ್ಲಿ ಅದು ಮೂರು ಇಂಚು. ಬಿಸಿಲು ಜೋರಾಗಿ ಹೊಡೆಯುವ ಕಿಟಕಿಗೆ ಸೊಲ್ಲಾಪುರ ಚಾದರ ಹಾಕಿದವರನ್ನೂ ನೋಡಿದ್ದೇನೆ, ಬೆಳಕೂ ಇಲ್ಲ, ಧೂಳೂ ಇಲ್ಲ. ಅದರ ಭಾರಕ್ಕೆ ಟೆನ್ಷನ್ ರಾಡು ಮಾತ್ರ ಕೈಯೆತ್ತುತ್ತದೆ.

ಸೀರೆಯಂತೂ ಅಳತೆ ನೋಡಿಯೇ ಪರದೆಗೆಂದು ನೇಯ್ದಂತಿದೆ. ಐದೂವರೆ ಮೀಟರ್ ಉದ್ದ, 45 ಇಂಚಿನ ಆಸುಪಾಸು ಅಗಲ. ಐದಡಿ ಪರದೆಗೆ ಮಡಿಕೆ ಸೇರಿ 1.65 ಮೀಟರ್ ಹಿಡಿದರೆ ಒಂದು ಸೀರೆಗೆ ಮೂರು ಪರದೆ, ಉಳಿದ ಅರ್ಧ ಮೀಟರಿನಲ್ಲಿ ಕಟ್ಟುವ ಪಟ್ಟಿ. ಎರಡು ಬದಿಗೂ ಅಂಚು ತಾನಾಗಿ ಬಂದಿರುತ್ತದೆ, ಬದಿ ಹೊಲಿಗೆಯೂ ಬೇಡ. ಅಜ್ಜಿಯ ಒಂಬತ್ತು ಗಜದ್ದಾದರೆ ನಾಲ್ಕು ಧಾರಾಳ. ಕತ್ತರಿಸಲು ಮನಸ್ಸು ಬಾರದಿದ್ದರೆ, ಬಾರದಿರುವುದೇ ಹೆಚ್ಚು, ಸೀರೆಯನ್ನು ಅಡ್ಡಡ್ಡ ತೂಗುಹಾಕಿ. ಆಗ ಸೀರೆಯ ಅಗಲವೇ ಪರದೆಯ ಎತ್ತರ, ಮೂರೂಮುಕ್ಕಾಲು ಅಡಿ; ಸಣ್ಣ ಕಿಟಕಿಗೆ ಸರಿಯಾಗುತ್ತದೆ, ದೊಡ್ಡದಕ್ಕೆ ಅರ್ಧ ಪರದೆ. ಒಂದಂಚು ಮೇಲೆ, ಒಂದಂಚು ಕೆಳಗೆ. ಹಲ್ಲಿರುವ ಕ್ಲಿಪ್ ಬಳೆಗಳು ಡಜನ್ ಲೆಕ್ಕದಲ್ಲಿ ಸಿಗುತ್ತವೆ, ಅವುಗಳಲ್ಲಿ ಕಚ್ಚಿಸಿದರೆ ಒಂದು ಸೂಜಿಯೂ ಬೇಕಿಲ್ಲ. ನಮ್ಮ ಅಮ್ಮನ ಒಂದು ಇಳಕಲ್ ಸೀರೆ ಎರಡು ವರ್ಷ ಹೀಗೆ ನಡುಮನೆಯಲ್ಲಿ ಪರದೆಯಾಗಿ ಕಳೆದು, ಒಗೆದು ಇಸ್ತ್ರಿಯಾಗಿ ಮತ್ತೆ ಬೀರುವಿಗೆ ಹೋಗಿದೆ. ಆ ಎರಡು ವರ್ಷದ ಬಿಸಿಲು ಅದರ ಬಣ್ಣದಲ್ಲಿ ಸ್ವಲ್ಪ ಉಳಿದಿದೆ. ರೇಷ್ಮೆ ಸೀರೆಗೆ ಈ ಪ್ರಯೋಗ ಬೇಡ, ಬಿಸಿಲು ಬಿದ್ದಷ್ಟೂ ರೇಷ್ಮೆಯ ಎಳೆ ಜಾಳಾಗಿ ಮುಟ್ಟಿದರೆ ಹರಿಯುವ ಸ್ಥಿತಿಗೆ ಬರುತ್ತದೆ. ತೆಳು ಬಿಳಿ ಪರದೆ ಬೇಕೆನ್ನುವವರಿಗೆ ಪಂಚೆಯಿದೆ. ನಾಲ್ಕು ಮೊಳದ್ದಲ್ಲ, ನಾಲ್ಕು ಮೀಟರಿನದು. ಅರ್ಧಕ್ಕೆ ಕತ್ತರಿಸಿದರೆ ಒಂದು ಜೊತೆ.

ಮತ್ತೆ ಆ ಬ್ಲೌಸ್ ಪೀಸುಗಳು. ತಾಂಬೂಲದ ಜೊತೆ ಬಂದು, ಇನ್ನೊಬ್ಬರ ತಾಂಬೂಲಕ್ಕೆ ಹೋಗಿ, ಊರೆಲ್ಲ ಸುತ್ತಿ ಕೆಲವೊಮ್ಮೆ ನಮ್ಮ ಮನೆಗೇ ವಾಪಸ್ಸಾಗುವ ಆ ಬಟ್ಟೆ ತುಂಡುಗಳಿಗೆ ಯಾರೂ ಬ್ಲೌಸ್ ಹೊಲಿಸಿದ್ದನ್ನು ನಾನು ಕಂಡಿಲ್ಲ. ಅಟ್ಟದ ಗಂಟಿನ ನಾಲ್ಕಡಿ ಪರದೆ ಮರುಜೀವ ಪಡೆದದ್ದು ಅವುಗಳಿಂದ. ಕೆಳಗೆ ಒಂದಡಿಯ ಪಟ್ಟಿ ಕೂಡಿಸಿದಾಗ ಐದಡಿಯಾಯಿತು. ಗುಳೇದಗುಡ್ಡದ ಖಣ ಇದ್ದರೆ ಇನ್ನೂ ಚೆಂದ. ಬಂದವರು ‘ಎಲ್ಲಿ ತಗೊಂಡ್ರಿ’ ಎಂದು ಕೇಳುತ್ತಾರೆ, ಗಿಡ್ಡವಾಗಿತ್ತು ಎಂದು ನಾವು ಹೇಳುವುದಿಲ್ಲ.

ಎಲ್ಲ ಕಿಟಕಿಗೂ ಒಂದೇ ಥರದ ಪರದೆ ಹಾಕುವುದು ದುಡ್ಡು ದಂಡ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನೆರಳೇ ಇಲ್ಲದಂತಾಗುತ್ತದೆ. ನೆತ್ತಿಯ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯುತ್ತದೆ. ಸಂಜೆ ನಾಲ್ಕರ ಮೇಲೆ ಪಡುವಣದಿಂದ ಓರೆಯಾಗಿ ನುಗ್ಗುವ ಬಿಸಿಲಿಗೆ ಸಜ್ಜಾ ಲೆಕ್ಕಕ್ಕಿಲ್ಲ. ಮಾರ್ಚಿನಿಂದ ಮೇವರೆಗೆ ಮನೆಯನ್ನು ಕಾವಲಿ ಮಾಡುವುದು ಪಶ್ಚಿಮದ ಆ ಒಂದು ಕಿಟಕಿ. ದಪ್ಪ ಪರದೆಗೆ ದುಡ್ಡು ಹಾಕುವುದಾದರೆ ಅಲ್ಲಿಗೆ, ಮತ್ತು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರ ಕೋಣೆಗೆ. ಉಳಿದ ಕಡೆ ಸೀರೆ, ಪಂಚೆ ಸಾಕು. ಹಗಲು ಮಲಗುವವರು ಬಟ್ಟೆಯ ದಪ್ಪಕ್ಕಿಂತ ಬದಿಯ ಸಂದು ನೋಡಬೇಕು. ಕಿಟಕಿಯ ಗೂಡಿನೊಳಗೆ ಕೂತ ಪರದೆಯ ಎರಡು ಬದಿಗೂ ಬೆಳಕಿನ ಗೆರೆ ಉಳಿದೇ ಉಳಿಯುತ್ತದೆ. ಕಿಟಕಿಗಿಂತ ಆಚೀಚೆ ಅರ್ಧರ್ಧ ಅಡಿ ಚಾಚಿದ ರಾಡಿನಲ್ಲಿ ಉಳಿಯುವುದಿಲ್ಲ. ಓನರನ್ನು ಒಪ್ಪಿಸಿ ಎರಡು ತೂತು ಕೊರೆಸುವುದಿದ್ದರೆ ಈ ಒಂದು ಕಿಟಕಿಗೆ ಕೊರೆಸಿ.

ಪಶ್ಚಿಮದ ಬಿಸಿಲಿಗೆ ಒಳಗಿನ ಪರದೆ ಅರ್ಧ ಔಷಧ. ಬಿಸಿಲು ಗಾಜು ದಾಟಿ ಒಳಗೆ ಬಂದು ಬಟ್ಟೆಯನ್ನು ಕಾಯಿಸುತ್ತದೆ. ಕಾದ ಬಟ್ಟೆ ಹೊಮ್ಮಿಸುವ ಶಾಖ ಮತ್ತೆ ಗಾಜನ್ನು ದಾಟಲಾರದೆ ಕೋಣೆಯಲ್ಲೇ ಉಳಿಯುತ್ತದೆ. ಹೊರಮೈ ಬಿಳಿಯಿದ್ದರೆ ಒಂದಿಷ್ಟು ಬೆಳಕು ಬಂದ ದಾರಿಗೇ ಸುಂಕವಿಲ್ಲದೆ ಹೋಗುತ್ತದೆ, ಹಾಗಾಗಿ ಕಡುಬಣ್ಣದ ಪರದೆಗೆ ಹಿಂದುಗಡೆ ಹಳೇ ಬಿಳಿ ಪಂಚೆಯ ಅಸ್ತರು ಕೊಡಿಸಿ. ನಿಜವಾದ ಮದ್ದು ಗಾಜಿನ ಹೊರಗಡೆಯ ನೆರಳು. ಇದು ನಮಗೇನು ಹೊಸ ವಿದ್ಯೆಯಲ್ಲ. ಬಯಲುಸೀಮೆಯ ಬೇಸಿಗೆಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು, ಮಲೆನಾಡಿನಲ್ಲಿ ಮಳೆಯ ಇರಚಲಿಗೆ ಜಗಲಿಯ ಮುಂದೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಬಾಡಿಗೆ ಮನೆಯ ಬಾಲ್ಕನಿಗೆ ಬಿದಿರಿನ ಚಿಕ್ ಅದರ ವಂಶದ್ದೇ. ಬೆಂಗಳೂರಿನ, ಮೈಸೂರಿನ ಬಂಬೂ ಬಜಾರುಗಳಲ್ಲಿ ಸುರುಳಿ ಸುತ್ತುವ ಹಗ್ಗದ ಸಮೇತ ಅಳತೆಗೆ ಕಟ್ಟಿಕೊಡುತ್ತಾರೆ. ನೈಲಾನ್ ಹಗ್ಗದಲ್ಲಿ ಮೇಲಿನ ಗ್ರಿಲ್ಲಿಗೆ ಬಿಗಿದರೆ ಮೊಳೆಯ ಮಾತೇ ಇಲ್ಲ. ಅಗಲ ಮಾತ್ರ ಮೂರೂವರೆ ನಾಲ್ಕಡಿ ಇರಲಿ. ಎಂಟಡಿ ಬಾಲ್ಕನಿಗೆ ಒಂದು ದೊಡ್ಡದರ ಬದಲು ಎರಡು ಸಣ್ಣವು ಕೊಂಡರೆ ಎಂಥ ಮನೆಗೆ ಹೋದರೂ ಒಂದಾದರೂ ಹೊಂದುತ್ತದೆ. ಅಪಾರ್ಟ್‌ಮೆಂಟಿನವರು ಸಂಘದ ಅನುಮತಿ ಕೇಳಿಕೊಳ್ಳಬೇಕಾದೀತು, ಹೊರನೋಟ ಕೆಡುತ್ತದೆ ಎಂಬ ತಕರಾರು ಸಾಮಾನ್ಯ. ಮಳೆಗಾಲ ಕಳೆದ ಮೇಲೆ ಎರಡು ದಿನ ಬಿಸಿಲಿಗೆ ಹರಡಿ, ಇಲ್ಲದಿದ್ದರೆ ಬೂಷ್ಟು.

ಬ್ಲೈಂಡುಗಳ ಬಗ್ಗೆ ನನ್ನದು ಸುಟ್ಟ ಬಾಯಿ, ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತೇನೆ. ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ನೂರು ರೂಪಾಯಿ ಹಿಡಿದರೂ 4×5ರ ಒಂದು ಕಿಟಕಿಗೆ ಎರಡು ಸಾವಿರ. ಮುಂದಿನ ಮನೆಗೆ ಆಗುತ್ತದೋ ಇಲ್ಲವೋ ದೇವರೇ ಬಲ್ಲ. ಕೊಳ್ಳಲೇಬೇಕಿದ್ದರೆ ಕಿಟಕಿ ಗೂಡಿನ ಅಳತೆಗೆ ಮಾಡಿಸದೆ, ಗೂಡಿನ ಹೊರಗೆ ತೂಗುವಷ್ಟು ಅಗಲ ಮಾಡಿಸಿ, ಆಗ ಎರಡಿಂಚು ನಾಲ್ಕಿಂಚಿನ ವ್ಯತ್ಯಾಸ ನುಂಗಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಒಲೆಯ ಹತ್ತಿರದ ಕಿಟಕಿಗೆ ಬಟ್ಟೆಯನ್ನೇ ಹಾಕಬೇಡಿ, ಪಾಲಿಯೆಸ್ಟರ್ ಅಂತೂ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಅಲ್ಲಿಗೂ ಬಚ್ಚಲಿಗೂ ಗಾಜಿಗೆ ಅಂಟಿಸುವ ಮಸುಕು ಹಾಳೆ ಸಾಕು. ಅಂಟಿಲ್ಲದ ಜಾತಿಯದು ಬರೀ ಸೋಪಿನ ನೀರಿನಲ್ಲಿ ಕೂರುತ್ತದೆ, ಮನೆ ಬಿಡುವಾಗ ಸುಲಿದು ಸುರುಳಿ ಸುತ್ತಿಕೊಂಡು ಹೋಗಬಹುದು.

ಇದ್ಯಾವುದಕ್ಕೂ ಕಾಸಿಲ್ಲದವರ ಪರದೆ ನನಗೆ ಗೊತ್ತು. ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನಿದ್ದ ರೂಮಿನ ಕಿಟಕಿಗೆ ಹಿಂದಿನವರು ಮೈದಾ ಅಂಟಿನಲ್ಲಿ ಹಳೇ ಪೇಪರು ಅಂಟಿಸಿ ಹೋಗಿದ್ದರು. ಬಿಸಿಲಿಗೆ ಕಂದು ತಿರುಗಿದ ಆ ಹಾಳೆಯಲ್ಲಿ, ಯಾವುದೋ ಊರಿನ ಒಂದು ಜಮೀನು ವ್ಯಾಜ್ಯದ ಕಥೆಯನ್ನು ಹಲ್ಲುಜ್ಜುತ್ತಾ ದಿನವೂ ಓದುತ್ತಿದ್ದೆ. ತೀರ್ಪಿನ ಹತ್ತಿರ ಬಂದಾಗ ‘7ನೇ ಪುಟಕ್ಕೆ’ ಎಂದಿತ್ತು. ಏಳನೇ ಪುಟ ಬಚ್ಚಲ ಕಿಟಕಿಯಲ್ಲಿತ್ತು, ಅಕ್ಷರ ರಸ್ತೆಯ ಕಡೆಗೆ ಮುಖ ಮಾಡಿ.